ಎರಡೂವರೆ ಅಂಕಣದ ಮನೆ

ಫೇಸ್‌ಬುಕ್ಕಿನಲ್ಲಿ ನನ್ನ ಬರಹ ಓದುವ ಮೈಸೂರು ಕಡೆಯ ಮೇಡಂ ಒಬ್ಬರು ಒಂದು ದಿನ ಇನ್‌ಬಾಕ್ಸಿಗೆ ಬಂದು, ‘ನಿಮ್ಮ ಅಂಕಣ ತುಂಬಾ ಚೆನ್ನಾಗಿದೆ’ ಎಂದು ಬರೆದರು. ಹಿಂದಿನ ದಿನವಷ್ಟೇ ನಮ್ಮ ಪಡಸಾಲೆಯ ಫೋಟೋ ಹಾಕಿದ್ದೆ. ನಾನು ಹಿರಿಹಿರಿ ಹಿಗ್ಗಿ, ‘ಮೊದಲು ಐದು ಅಂಕಣ ಇತ್ತು ಮೇಡಂ, ಪಾಲಾದ ಮೇಲೆ ನಮಗೆ ಎರಡೂವರೆ ಬಂತು’ ಎಂದು ಉತ್ತರ ಕೊಟ್ಟೆ. ಆಮೇಲೆ, ‘ಅಯ್ಯೋ, ಪತ್ರಿಕೆಯವರು ಹೀಗೆ ಕತ್ತರಿಸಬಾರದಿತ್ತು’ ಎಂದು ಸಮಾಧಾನ ಹೇಳಿದರು.

ಅವರದೇನೂ ತಪ್ಪಿಲ್ಲ ಬಿಡಿ. ಅವರಿಗೆ ಅಂಕಣ ಎಂದರೆ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಬರುವ ಬರಹ. ನಮ್ಮ ಕಂಪ್ಲಿ ಕಡೆ ಅಂಕಣ ಎಂದರೆ ಮನೆಯಲ್ಲಿ ಕಂಬಕ್ಕೂ ಕಂಬಕ್ಕೂ ನಡುವಿನ ಜಾಗ. ಯಾರ ಮನೆ ಎಷ್ಟು ದೊಡ್ಡದು ಎಂದು ಹೇಳಲು ನಮ್ಮ ಹಿರಿಯರು ಚದರ ಅಡಿಯ ಲೆಕ್ಕ ಹೇಳಿದವರಲ್ಲ. ಮೂರು ಅಂಕಣದ ಮನೆ, ಐದು ಅಂಕಣದ ಮನೆ, ಅಷ್ಟೇ. ಹಂಪಿಗೆ ಬಂದವರು ಬಜಾರಿನ ಸಾಲುಮಂಟಪದ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರಲ್ಲ, ಇನ್ನೊಮ್ಮೆ ಹೋದಾಗ ಫೋನು ಜೇಬಿಗಿಟ್ಟು ನೋಡಿ. ಎರಡು ಕಂಬ, ಮೇಲೊಂದು ತೊಲೆ, ಕಂಬದ ತಲೆಯ ಮೇಲೆ ಎರಡೂ ಕಡೆಗೆ ತೋಳು ಚಾಚಿ ತೊಲೆಯನ್ನು ಹೊತ್ತ ಬೋದಿಗೆ. ಅಲ್ಲಿ ಅದೆಲ್ಲ ಕಲ್ಲು, ನಮ್ಮ ಮನೆಯಲ್ಲಿ ಅದೆಲ್ಲ ಮರ. ಲೆಕ್ಕ ಒಂದೇ. ದುಡ್ಡು ಕೊಟ್ಟು ಗೈಡ್ ಹಿಡಿದು ನೀವು ನೋಡುವುದರ ಕೆಳಗೆ ನಾನು ದಿನಾ ಅನ್ನಕ್ಕಿಡುತ್ತೇನೆ. ಜಂಬ ಎಂದರೆ ಜಂಬ.

ಇನ್ನೊಂದು ಮಾತನ್ನೂ ಬಿಡಿಸಿ ಹೇಳಬೇಕು. ಮಾಳಿಗೆ ಎಂದರೆ ನಮ್ಮಲ್ಲಿ ಮಹಡಿಯಲ್ಲ, ಮಣ್ಣಿನ ಚಪ್ಪಟೆ ಸೂರು. ತೊಲೆಯ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಬೇವಿನ ಸೊಪ್ಪು, ಸೊಪ್ಪಿನ ಮೇಲೆ ಗೇಣುದ್ದ ಮಣ್ಣು, ಎಲ್ಲದರ ಮೇಲೆ ಚೌಳು. ಚೌಳು ಎಂದರೆ ಕಾಲುವೆ ನೀರು ನಿಂತು ನಿಂತು ಉಪ್ಪೇರಿ ಬಿಳಿಚಿಕೊಂಡ ಮಣ್ಣು. ಗದ್ದೆಯಲ್ಲಿ ಚೌಳು ಎದ್ದರೆ ರೈತ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ, ಏನೂ ಬೆಳೆಯುವುದಿಲ್ಲ. ಅದೇ ಮಣ್ಣನ್ನು ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಹರವಿ ಬಡಿದರೆ ಒಂದು ಹನಿ ಕೆಳಗಿಳಿಯುವುದಿಲ್ಲ. ಹೊಲಕ್ಕೆ ಬೇಡವಾದದ್ದನ್ನು ಸೂರಿಗೆ ಏರಿಸಿದ ಜನ ನಾವು. ಇನ್ನು ಗಾಳಿ ಬೆಳಕಿಗೆ ಮಾಳಿಗೆಯ ನಡುವೆ ಒಂದು ಚೌಕ ಕಿಂಡಿ ಇರುತ್ತದೆ, ಗವಾಕ್ಷಿ. ದಪ್ಪ ಗೋಡೆಯ ಮನೆಗೆ ಕಿಟಕಿ ಕಡಿಮೆ. ಗವಾಕ್ಷಿಯಿಂದ ಇಳಿಯುವ ಬೆಳಕೇ ಬೆಳಕು.

ಹಾಗಂತ ಮಾಳಿಗೆ ಮನೆ ಸ್ವರ್ಗ ಎಂದು ಸುಳ್ಳು ಹೇಳುವುದಿಲ್ಲ. ನನ್ನ ಫೋಟೋ ನೋಡಿ ‘ವಾವ್, ಎಷ್ಟು ತಂಪು’ ಎನ್ನುವವರ ತಟ್ಟೆಗೆ ಜಂತಿಯಿಂದ ಮಣ್ಣು ಉದುರಿಲ್ಲ. ಚಕ್ಕೆಗಳ ಸಂದಿನಲ್ಲಿ ಇಲಿ ಓಡಾಡುವ ಸದ್ದಿಗೆ ನಿದ್ದೆಗೆಟ್ಟಿಲ್ಲ. ಚೇಳು ಮೈಮೇಲೆ ಬೀಳದಿರಲಿ ಎಂದು ಹಾಸಿಗೆಯ ಮೇಲಕ್ಕೆ ಸೀರೆ ಕಟ್ಟಿ ಮಲಗಿಲ್ಲ. ನಾನು ಹುಟ್ಟಿ ಬೆಳೆದದ್ದು ಸಂಡೂರು ಹತ್ತಿರದ ಯಶವಂತನಗರದಲ್ಲಿ, ಗಣಿಯವರ ಕ್ವಾರ್ಟರ್ಸಿನಲ್ಲಿ. ತಲೆಯ ಮೇಲೆ ಸಿಮೆಂಟ್ ಶೀಟು. ಬೇಸಿಗೆಯಲ್ಲಿ ಕಾವಲಿ, ಮಳೆಗಾಲದಲ್ಲಿ ತಮಟೆ. ಅಂಥ ಸೂರಿನ ಕೆಳಗೆ ಬೆಳೆದವಳಿಗೂ ಕಂಪ್ಲಿಯ ಈ ಮನೆಗೆ ಸೊಸೆಯಾಗಿ ಬಂದ ದಿನ ಮೇಲೆ ನೋಡಿ ಎದೆ ಧಸಕ್ಕೆಂದಿತ್ತು. ಅಪ್ಪ ನನ್ನನ್ನು ಮಣ್ಣಿನ ಗುಡ್ಡೆಯ ಕೆಳಗೆ ಕೊಟ್ಟರಲ್ಲ ಎನ್ನಿಸಿತ್ತು.

ನನ್ನ ಮುಖ ನೋಡಿದ ಮಾವ ನಡುವಿನ ತೊಲೆ ತೋರಿಸಿ, ಅದು ಸಂಡೂರು ಗುಡ್ಡದ ಮರ, ಅವರ ಅಜ್ಜನ ಕಾಲದಲ್ಲಿ ಎತ್ತಿನ ಗಾಡಿಯಲ್ಲಿ ಬಂದದ್ದು ಎಂದು ಹೇಳಿದರು. ನನಗಿಂತ ಮೊದಲೇ ನನ್ನ ತವರಿನ ಕಡೆಯಿಂದ ಒಬ್ಬಳು ಈ ಮನೆಗೆ ಬಂದು ಭಾರ ಹೊತ್ತು ನಿಂತಿದ್ದಾಳೆ ಎಂದುಕೊಂಡೆ. ಅವತ್ತಿನಿಂದ ಹೆದರಿಕೆ ಸ್ವಲ್ಪ ಕಡಿಮೆಯಾಯಿತು.

ಮನೆಯಲ್ಲಿ ಇದ್ದದ್ದು ಇಬ್ಬರು ಅಣ್ಣತಮ್ಮಂದಿರು. ಹಿರಿಯರು ನನ್ನ ಬಾವ, ಕಿರಿಯರು ನನ್ನ ಗಂಡ. ಬಾವನ ಹೆಂಡತಿ ನನಗೆ ವಾರಗಿತ್ತಿ, ನಾನು ಕರೆಯುವುದು ಅಕ್ಕ ಎಂದು. ನಾವಿಬ್ಬರೂ ಒಂದೇ ಅಡಿಗೆಮನೆಯಲ್ಲಿ ಎಷ್ಟು ದಿನ ಬಾಳಬಹುದೋ ಅಷ್ಟು ದಿನ ಬಾಳಿದೆವು. ಯಾಕೆ ಜಗಳ ಬಂತು ಎಂದರೆ ನೀವು ನಗುತ್ತೀರಿ. ನನಗೆ ಗ್ಯಾಸ್ ಒಲೆ ಬೇಕಿತ್ತು, ಅಕ್ಕನಿಗೆ ಕಟ್ಟಿಗೆ ಒಲೆಯ ರೊಟ್ಟಿಯೇ ಆಗಬೇಕಿತ್ತು. ಹೊಗೆಯಿಂದ ಶುರುವಾದದ್ದು ಪಾಲಿಗೆ ಬಂದು ನಿಂತಿತು.

ಐದು ಅಂಕಣದ ಮನೆಯನ್ನು ಇಬ್ಬರಿಗೆ ಹಂಚುವುದು ಹೇಗೆ? ಆ ಕಡೆ ಎರಡು ಅಣ್ಣನಿಗೆ, ಈ ಕಡೆ ಎರಡು ತಮ್ಮನಿಗೆ. ಉಳಿದದ್ದು ನಡು ಅಂಕಣ. ಗವಾಕ್ಷಿ ಇರುವುದೂ ಅದರಲ್ಲೇ. ಪಂಚರು ಅದನ್ನು ಸರಿಯಾಗಿ ಎರಡು ಮಾಡಿ ನಡುವೆ ಗೋಡೆ ಎಬ್ಬಿಸಿರಿ ಎಂದರು. ಮೇಸ್ತ್ರಿ ಎದೆಮಟ್ಟ ಕಟ್ಟಿದ್ದ. ಆಗ ಮಾವ ಎದ್ದು ಬಂದು ಕರಣಿ ಹಿಡಿದ ಅವನ ಕೈ ಹಿಡಿದುಕೊಂಡರು.

“ಸಾಕು ನಿಲ್ಲಸು. ನೆಲ ಹಂಚೀನಿ. ಬೆಳಕು ಹಂಚಾಕ ನನ್ನ ಕಡಿಂದ ಆಗಲ್ಲ.”

ಗೋಡೆ ಸೂರಿನ ತನಕ ಹೋದರೆ ಗವಾಕ್ಷಿಯೇ ಎರಡು ತುಂಡಾಗುತ್ತದೆ, ಎರಡೂ ಮನೆ ಹಗಲೇ ಅರೆಗತ್ತಲೆ. ಹಾಗಾಗಿ ಗೋಡೆ ಅಲ್ಲಿಗೇ ನಿಂತಿತು. ಈಗಲೂ ಅಷ್ಟೇ ಇದೆ. ನಾನು ಈ ಕಡೆ ಒಗ್ಗರಣೆ ಹಾಕಿದರೆ ಅಕ್ಕ ಆ ಕಡೆ ಸೀನುತ್ತಾಳೆ. ಅಕ್ಕ ಬಾವನನ್ನು ಬೈದರೆ ನಮ್ಮವರು ಟಿವಿ ಸಣ್ಣ ಮಾಡಿ ಕೇಳುತ್ತಾರೆ. ಪಲ್ಯದ ಬಟ್ಟಲು ಗೋಡೆಯ ಮೇಲೆಯೇ ಹೋಗುತ್ತದೆ, ಬರುತ್ತದೆ. ಮಾತು ಬಿಟ್ಟ ದಿನ ಬಟ್ಟಲು ಇಟ್ಟು, ಕೆಮ್ಮಿ, ಮುಖ ತಿರುಗಿಸಿಕೊಳ್ಳುವುದು. ತಲೆಬಾಗಿಲು ಬಾವನ ಪಾಲಿಗೆ ಹೋದದ್ದರಿಂದ ನಾವು ಬೀದಿಯ ಕಿಟಕಿಯನ್ನೇ ಅಗಲ ಮಾಡಿಸಿ ಬಾಗಿಲು ಇಡಿಸಿದೆವು. ಮೊದಮೊದಲು ಬಂದ ನೆಂಟರು ಅಲ್ಲಿ ಹಣೆ ಬಡಿಸಿಕೊಳ್ಳದೆ ಒಳಗೆ ಬಂದದ್ದಿಲ್ಲ.

ಪಾಲಾದ ವರ್ಷದ ಕಥೆ ಇನ್ನೂ ಚೆಂದ. ಮಳೆಗಾಲಕ್ಕೆ ಮೊದಲು ಅವರ ಮಾಳಿಗೆಗೆ ಅವರು ಚೌಳು ಹಾಕಿಸಿದರು, ನಮ್ಮ ಮಾಳಿಗೆಗೆ ನಾವು. ನಡುವೆ ಒಂದು ಮೊಳ ಜಾಗ ಉಳಿಯಿತು. ಅದು ನಮ್ಮದಲ್ಲ ಎಂದು ಅವರು, ಅದು ಅವರದು ಎಂದು ನಾವು. ಮೊದಲ ಮಳೆಗೇ ನೀರು ಆ ಒಂದು ಮೊಳದಿಂದ ಇಳಿದು, ಅರ್ಧ ಗೋಡೆಯ ನೆತ್ತಿಯ ಮೇಲೆ ಬಿದ್ದು, ಇಬ್ಬರ ಮನೆಗೂ ಸಮನಾಗಿ ಹರಿಯಿತು. ಪಂಚರೂ ಅಷ್ಟು ಸರಿಯಾಗಿ ಹಂಚಿರಲಿಲ್ಲ. ನಾನೂ ಅಕ್ಕನೂ ಗೋಡೆಗೆ ಬಕೆಟ್ ಆನಿಸಿಕೊಂಡು ನಿಂತೆವು. ಮಾವ ಕಂಬಕ್ಕೆ ಒರಗಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ವರ್ಷದಿಂದ ಚೌಳು ಒಟ್ಟಿಗೇ ಬಂತು.

ಮಾವ ತೀರಿಕೊಂಡು ವರ್ಷಗಳಾದವು. ಹೀಗೇ ನಡೆದುಕೊಂಡು ಬಂದದ್ದಕ್ಕೆ ಕುತ್ತು ಬಂದದ್ದು ಅಕ್ಕನ ಮಗನ ಮದುವೆಯಿಂದ.

ಅಕ್ಕನಿಗೆ ಒಬ್ಬನೇ ಮಗ. ನನ್ನನ್ನು ಸಣ್ಣಮ್ಮ ಎನ್ನುತ್ತಾನೆ. ಭತ್ತದ ಗದ್ದೆ ಮಾಡುತ್ತಾನೆ, ಸುಗ್ಗಿಯಲ್ಲಿ ಕಟಾವು ಮಷೀನು ಓಡಿಸುತ್ತಾನೆ. ಕುಡಿತವಿಲ್ಲ, ಇಸ್ಪೀಟಿಲ್ಲ, ಬಾಯಿಯೂ ಇಲ್ಲ. ಮೂವತ್ತು ದಾಟಿತು, ಹೆಣ್ಣು ಸಿಗಲಿಲ್ಲ. ರೈತರ ಹುಡುಗರ ಪಾಡು ಈಗ ಎಲ್ಲ ಕಡೆ ಅಷ್ಟೇ. ಅದರ ಮೇಲೆ ನಮ್ಮದು ಮಾಳಿಗೆ ಮನೆ. ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ. ಹೊಸಿಲು ದಾಟಿ ಮೊದಲು ನೋಡುವುದು ಹುಡುಗನನ್ನಲ್ಲ, ಸೂರನ್ನು. ಕತ್ತು ಮೇಲೆತ್ತಿ ಜಂತಿ ನೋಡುತ್ತಾರೆ, ಎಷ್ಟು ತಂಪೈತ್ರಿ ಎನ್ನುತ್ತಾರೆ, ಚಹ ಕುಡಿದು ಹೋಗುತ್ತಾರೆ. ವಾರ ಕಳೆದು ಜಾತಕ ಕೂಡಲಿಲ್ಲ ಎಂದು ಫೋನು ಬರುತ್ತದೆ. ಮರಿಯಮ್ಮನಹಳ್ಳಿ ಕಡೆಯವರೊಬ್ಬರು ಮಾತ್ರ ನೇರ ಹೇಳಿದರು, ಮಣ್ಣಿನ ಮನೆಗೆ ಮಗಳನ್ನು ಕೊಟ್ಟರೆ ನಮ್ಮೂರಲ್ಲಿ ನಗುತ್ತಾರೆ ಎಂದು. ಅವತ್ತು ಅಕ್ಕನ ಒಲೆ ಹೊತ್ತಲಿಲ್ಲ. ಗೋಡೆಯ ಈ ಕಡೆಯಿಂದ ನನಗೆ ಗೊತ್ತಾಯಿತು, ಹೊಗೆ ಬರಲಿಲ್ಲವಲ್ಲ.

ಮರುದಿನ ಅಕ್ಕ ಗೋಡೆಯ ಮೇಲೆ ಎರಡೂ ಮೊಣಕೈ ಊರಿ ನಿಂತಳು.

“ಸುಗ್ಗಿ ಮುಗದ ಮ್ಯಾಲ ಮನಿ ಬಿಚ್ಚಸ್ತೀವಿ.”

ನಮ್ಮ ಕಡೆ ಮನೆ ಕೆಡವುತ್ತೇವೆ ಎನ್ನುವುದಿಲ್ಲ, ಅದು ಅಪಶಕುನ. ಬಿಚ್ಚುತ್ತೇವೆ ಎನ್ನುತ್ತೇವೆ, ರವಿಕೆಯ ಹೊಲಿಗೆ ಬಿಚ್ಚಿದ ಹಾಗೆ. ಮಾಳಿಗೆ ಮನೆಯನ್ನು ನಿಜವಾಗಿಯೂ ಬಿಚ್ಚಬಹುದು, ಜಂತಿ, ತೊಲೆ, ಕಂಬ ಎಲ್ಲ ಒಂದೊಂದಾಗಿ ಕಳಚಿ ಬರುತ್ತವೆ. ತೊಂದರೆ ಇದ್ದದ್ದು ಅಲ್ಲೇ. ನಡು ಅಂಕಣದ ತೊಲೆಯ ಒಂದು ತುದಿ ಅವರ ಕಂಬದ ಮೇಲಿದೆ, ಇನ್ನೊಂದು ತುದಿ ನಮ್ಮ ಕಂಬದ ಮೇಲೆ. ಅವರು ಕಂಬ ಕಿತ್ತರೆ ತೊಲೆ ಬೀಳುತ್ತದೆ, ತೊಲೆಯ ಜೊತೆ ನಮ್ಮ ಅರ್ಧ ಅಂಕಣದ ಮಾಳಿಗೆ.

“ಬಿಚ್ಚಸಕ್ಕ. ನಮ್ಮ ಜಂತಿ ಗಾಳ್ಯಾಗ ನಿಂದ್ರತಾವೇನು?” ಎಂದೆ.

“ನನ್ನ ಮಗ ಹಿಂಗ ಒಂಟಿ ನಿಂತಾನಲ್ಲ, ಅದು ಕಾಣವಲ್ದೇನು ನಿನಗ? ಬರೀ ಜಂತಿ ಕಾಣ್ತಾವು.”

ಬೆಳೆದ ಹುಡುಗನ ಎದುರು ಎಂಥ ತೊಲೆಯಾದರೂ ಮರದ ತುಂಡೇ.

ಹೊಸಪೇಟೆಯಿಂದ ಎಂಜಿನಿಯರ್ ಬಂದ. ಟೇಪು ಹಿಡಿದು ಅಳೆದ, ತೊಲೆಯನ್ನು ಗೋಡೆಯ ನೇರಕ್ಕೆ ಕತ್ತರಿಸಿ ನಮ್ಮ ಕಡೆ ಕಬ್ಬಿಣದ ಕಂಬ ಕೊಟ್ಟರಾಯಿತು ಎಂದ. ಗವಾಕ್ಷಿಯ ಕಥೆ ಏನು ಎಂದು ಕೇಳಿದೆ. ನಿಮ್ಮ ಭಾಗದಲ್ಲಿ ಉಳಿದಷ್ಟು ಉಳಿಯುತ್ತದೆ ಮೇಡಂ, ಎಲ್‌ಇಡಿ ಹಾಕಿಸಿರಿ ಎಂದ. ಅಕ್ಕನಿಗೆ ಬಣ್ಣದ ಕಾಗದದಲ್ಲಿ ಮನೆಯ ಚಿತ್ರ ಕೊಟ್ಟ. ಎರಡು ಅಂತಸ್ತು, ಬಾಲ್ಕನಿಗೆ ಗಾಜಿನ ಕಟಕಟೆ, ಎದುರಿಗೆ ಒಂದು ತೆಂಗಿನ ಮರ, ಮರದ ಕೆಳಗೆ ಬಿಳಿ ಕಾರು. ಅಕ್ಕ ಅದನ್ನು ದೇವರ ಫೋಟೋಗಳ ಸಾಲಿನಲ್ಲಿ ಸಿಕ್ಕಿಸಿದಳು. ನಮ್ಮ ಮನೆಯ ಜಾಗದಲ್ಲಿ ಆ ಚಿತ್ರದಲ್ಲಿ ಹುಲ್ಲುಹಾಸು ಇತ್ತು.

ಸುಗ್ಗಿ ಮುಗಿಯಲು ಇನ್ನೂ ಸ್ವಲ್ಪ ದಿನ ಇರುವಾಗ ಸಂಡೂರು ಕಡೆಯ ಬಂಡ್ರಿಯಿಂದ ಒಂದು ಸಂಬಂಧ ಬಂತು. ಹುಡುಗಿ ಹೊಸಪೇಟೆಯಲ್ಲಿ ಒಂದು ಆಸ್ಪತ್ರೆಯಲ್ಲಿ ನರ್ಸ್. ಓದಿದ ಹುಡುಗಿ, ದುಡಿಯುವ ಹುಡುಗಿ, ರೈತನಾದರೂ ಅಡ್ಡಿಯಿಲ್ಲ ಎಂದಿದ್ದಾಳೆ. ಅಕ್ಕನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬರುವವರಿಗೆ ಏನೇನು ಹೇಳಬೇಕು ಎಂದು ಬಾಯಿಪಾಠ ಮಾಡಿಕೊಂಡಳು. ಕೊನೆಗೆ ನನ್ನ ಕಡೆ ತಿರುಗಿದಳು.

“ನೀ ಚಾ ಕೊಡಾಕ ಬಾ. ಬಾಯಿ ಮಾತ್ರ ತೆಗೀಬ್ಯಾಡ. ಅದನ್ನ ಫೇಸ್‌ಬುಕ್ಕಿನ್ಯಾಗ ತೆಗಿ.”

ಬಂದವರು ಹುಡುಗಿಯ ಅಪ್ಪ, ಅವ್ವ, ಸೋದರತ್ತೆ. ಏಪ್ರಿಲ್ ತಿಂಗಳ ಮಧ್ಯಾಹ್ನ. ಅವರು ಚಪ್ಪಲಿ ಬಿಟ್ಟು ಒಳಗೆ ಕಾಲಿಡುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಅಕ್ಕನ ಮುಖ ಸಪ್ಪಗಾಯಿತು. ಎಂದಿನಂತೆ ಎಲ್ಲರೂ ಕತ್ತೆತ್ತಿ ಸೂರು ನೋಡಿದರು. ಅಕ್ಕ ತಡ ಮಾಡದೆ ಬಣ್ಣದ ಚಿತ್ರ ತಂದು ಅಪ್ಪನ ಕೈಗೆ ಕೊಟ್ಟು, ಈ ಮನೆಯನ್ನು ಬಿಚ್ಚುತ್ತೇವೆ, ಮದುವೆಯ ಹೊತ್ತಿಗೆ ಸ್ಲ್ಯಾಬು ಬಿದ್ದಿರುತ್ತದೆ, ನೆಲಕ್ಕೆ ಟೈಲ್ಸು, ಸೂರಿಗೆ ಡಿಸೈನು ಎಂದು ಒಂದೇ ಉಸಿರಿಗೆ ಹೇಳಿದಳು. ಅಪ್ಪ ಚಿತ್ರ ನೋಡಿ ತಲೆಯಾಡಿಸಿದರು. ಹುಡುಗ ಕಂಬದ ಹಿಂದೆ ಅರ್ಧ ಮರೆಯಾಗಿ ನಿಂತಿದ್ದ.

ಅಷ್ಟರಲ್ಲಿ ಸೋದರತ್ತೆ ಫೋನು ತೆಗೆದು ವಿಡಿಯೋ ಕಾಲ್ ಮಾಡಿದರು. ಹುಡುಗಿ ಡ್ಯೂಟಿ ಮುಗಿಸಿ ರೂಮಿಗೆ ಬಂದಿದ್ದಾಳಂತೆ, ಮನೆ ನೋಡಬೇಕಂತೆ. ಫೋನು ಪಡಸಾಲೆಯೆಲ್ಲ ಸುತ್ತಿತು. ಕಂಬ, ಬೋದಿಗೆ, ದೇವರ ಮನೆ, ಕಂಬದ ಹಿಂದಿನ ಹುಡುಗ. ಫೋನಿನೊಳಗೆ ಫ್ಯಾನಿನ ಕಿರಗುಟ್ಟುವ ಸದ್ದು, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ ಒಂದು ಚುರುಕು ಮುಖ.

“ಅಲ್ಲಿ ಕರೆಂಟ್ ಐತೇನತ್ತಿ?”

ಇಲ್ಲ ಎಂದರು ಸೋದರತ್ತೆ.

“ಮತ್ತ ನೀವು ಯಾರೂ ಗಾಳಿ ಹಾಕ್ಕೊಳ್ಳವಲ್ರಿ.”

ಆಗಲೇ ಎಲ್ಲರಿಗೂ ಅದು ಗಮನಕ್ಕೆ ಬಂದದ್ದು. ಹೊರಗೆ ಬೀದಿಯ ನಾಯಿ ಚರಂಡಿಯಲ್ಲಿ ಮಲಗಿದ್ದ ಹೊತ್ತು. ಒಳಗೆ ಯಾರ ಹಣೆಯಲ್ಲೂ ಬೆವರಿಲ್ಲ. ಅಕ್ಕ ಮುಂದೆ ಬಗ್ಗಿ, ಇದನ್ನೆಲ್ಲ ಬಿಚ್ಚಿಸಿ ಸ್ಲ್ಯಾಬು ಹಾಕಿಸುತ್ತೇವೆ, ನೀನೇನೂ ಚಿಂತೆ ಮಾಡಬೇಡ ಎಂದು ಫೋನಿಗೆ ಹೇಳಿದಳು.

“ನಾ ಇರೋದು ಸ್ಲ್ಯಾಬಿನ ಕೆಳಗ ರೀ ಅತ್ತಿ. ಮ್ಯಾಲಿನ ಅಂತಸ್ತು. ಮಧ್ಯಾಹ್ನ ನಳದ ನೀರಿಗೆ ಚಾಪುಡಿ ಹಾಕಿದ್ರ ಚಾ ಆಗ್ತೈತಿ ಇಲ್ಲಿ.”

ಹುಡುಗಿ ಆಗಲೇ ಅಕ್ಕನನ್ನೂ ಅತ್ತಿ ಎಂದುಬಿಟ್ಟಿದ್ದಳು. ಅಕ್ಕನ ಕಿವಿಗೆ ಸ್ಲ್ಯಾಬಿನ ಮಾತು ಹೋಗಲಿಲ್ಲ, ಆ ಒಂದು ಪದ ಮಾತ್ರ ಹೋಯಿತು. ಕಣ್ಣು ಹನಿಗೂಡಿತು. ಎಲ್ಲ ಸುಸೂತ್ರ ಮುಗಿಯಿತು ಎನ್ನುವಷ್ಟರಲ್ಲಿ ಫೋನು ನಡು ಅಂಕಣಕ್ಕೆ ಬಂತು.

“ಆ ಗೋಡಿ ಯಾಕ ಅರ್ಧಕ್ಕ ನಿಂತೈತಿ? ರೊಕ್ಕ ಸಾಲಲಿಲ್ಲೇನು?”

ಬಾವ ಚಹದ ಲೋಟದೊಳಗೆ ನೋಡಿದರು. ಅಕ್ಕ ಗಂಟಲು ಸರಿ ಮಾಡಿಕೊಂಡು, ಅದು ಈಗಿನ ಡಿಸೈನು, ಓಪನ್ ಅಂತಾರಲ್ಲ, ದೊಡ್ಡ ದೊಡ್ಡ ಮನೆಗಳಲ್ಲಿ ಹೀಗೇ ಮಾಡುತ್ತಾರೆ ಎಂದಳು. ಸುಣ್ಣದ ಮೇಲೆ ಸುಣ್ಣ ಬಳಿದು ಉಬ್ಬಿದ ಆ ಮಣ್ಣಿನ ಗೋಡೆಗೆ ಅಂಥ ಹೆಸರು ಬಂದದ್ದು ಅವತ್ತೇ ಮೊದಲು. ಹುಡುಗಿಯ ಅಪ್ಪ ಗೋಡೆ ನೋಡಿದರು, ಗೋಡೆಯ ಆಚೆ ನನ್ನ ಗ್ಯಾಸ್ ಒಲೆ ನೋಡಿದರು, ಚಹದ ತಟ್ಟೆ ಹಿಡಿದು ನಿಂತ ನನ್ನನ್ನು ನೋಡಿದರು. ಗಣಿ ಲಾರಿಗಳ ಲೆಕ್ಕ ಬರೆದು ತಲೆ ಹಣ್ಣಾದ ಮನುಷ್ಯ, ಡಿಸೈನಿನ ಮಾತು ನಂಬಲಿಲ್ಲ. ಕೇಳಿದ್ದು ನನ್ನನ್ನೇ.

“ಇದು ಜಗಳದ ಗೋಡಿ ಏನವ್ವ?”

ಈಗ ನೀವೇ ಹೇಳಿ. ಮಗಳನ್ನು ಕೊಡಲು ಬಂದ ಅಪ್ಪ ನೇರ ಮುಖ ನೋಡಿ ಕೇಳಿದರೆ ಏನು ಹೇಳುವುದು? ಅಕ್ಕನ ಕಣ್ಣು ನನ್ನನ್ನು ಸುಡುತ್ತಿತ್ತು.

“ಹೌದ್ರಿ, ಜಗಳದ್ದ. ಬೆಳಕು ಒಂದು ಬಿಟ್ಟು ಉಳಿದದ್ದಕ್ಕೆಲ್ಲ ಜಗಳ ಆಡೀವಿ. ಬೆಳಕು ಹಂಚಾಕ ಬರಲಿಲ್ಲ, ಅದಕ್ಕ ಗೋಡಿ ಅಲ್ಲಿಗೇ ನಿಂತೈತಿ.”

ಸೋದರತ್ತೆ ಫೋನು ಕೆಳಗಿಳಿಸಿದರು. ಹುಡುಗಿಯ ಅವ್ವ ಉಪ್ಪಿಟ್ಟಿನ ತಟ್ಟೆಯನ್ನು ಅರ್ಧಕ್ಕೆ ಬಿಟ್ಟರು. ಊರಿಗೆ ಹೋಗಿ ಹೇಳುತ್ತೇವೆ ಎಂದು ಎದ್ದರು. ಆ ಮಾತಿನ ಅರ್ಥ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವರ ಕಾರು ಬೀದಿ ತಿರುಗುವ ತನಕ ಅಕ್ಕ ತಡೆದುಕೊಂಡಳು. ಆಮೇಲೆ ಗೋಡೆಯ ಹತ್ತಿರ ಬಂದು, ದನಿ ಏರಿಸದೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

“ನಿನ್ನ ಜಂತಿ ಉಳಿಸಿಕೊಳ್ಳಾಕ ನನ್ನ ಮಗನ ಮದವಿ ಕೆಡಿಸಿದಿ.”

ಹಾಗಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಜಂತಿ ನೆನಪಿಗೂ ಬಂದಿರಲಿಲ್ಲ. ಇಲ್ಲಿ ಬಂದು ಮೂರು ದಿನಕ್ಕೆ ಆ ಹುಡುಗಿಗೆ ತಾನೇ ಗೊತ್ತಾಗುವ ಸಂಗತಿಯನ್ನು ಮುಚ್ಚಿಟ್ಟು ತಾಳಿ ಕಟ್ಟಿಸಿದರೆ, ಆಮೇಲೆ ಅವಳು ದಿನಾ ನೋಡಬೇಕಾದದ್ದು ಅರ್ಧ ಗೋಡೆಯನ್ನಲ್ಲ, ನಮ್ಮ ಸುಳ್ಳನ್ನು. ಆದರೆ ಅಕ್ಕನ ಜಾಗದಲ್ಲಿ ನಿಂತು ನೋಡಿದರೆ ನಾನಾದರೂ ಅದೇ ಮಾತು ಹೇಳುತ್ತಿದ್ದೆ. ಹಾಗಾಗಿ ವಾದ ಮಾಡಲಿಲ್ಲ. ಪಲ್ಯದ ಬಟ್ಟಲು ನಿಂತಿತು. ನಾನು ಇಟ್ಟದ್ದು ಸಂಜೆಗೆ ಹಾಗೇ ತಣ್ಣಗೆ ಕೂತಿರುತ್ತಿತ್ತು. ಹುಡುಗ ಮಾತ್ರ ಹೊರಗೆ ಸಿಕ್ಕಾಗ, ಸಣ್ಣಮ್ಮ, ಹೋಗಲಿ ಬಿಡ್ರಿ ಎಂದ.

ಎಂಟು ದಿನವಾಗಿತ್ತೋ ಏನೋ, ಇನ್‌ಬಾಕ್ಸಿಗೆ ಒಂದು ಮೆಸೇಜು ಬಂತು. ಗೋಡೆ ಅರ್ಧಕ್ಕೆ ನಿಂತ ಮನೆಯವರು ನೀವೇ ಏನ್ರಿ ಎಂದು. ಬಂಡ್ರಿಯ ಹುಡುಗಿ. ನನ್ನ ಪಡಸಾಲೆಯ ಫೋಟೋಗಳನ್ನೆಲ್ಲ ನೋಡಿ ಗುರುತು ಹಿಡಿದಿದ್ದಳು. ಅವಳು ಕೇಳಿದ ಪ್ರಶ್ನೆಗಳನ್ನು ಯಾವ ಎಂಜಿನಿಯರೂ ಕೇಳಿರಲಿಲ್ಲ. ಜಗಳವಾದಾಗ ಮಾತು ಬಿಡುವುದು ಎಷ್ಟು ದಿನ? ಗೋಡೆಯ ಮೇಲಿಂದ ಎಂದಾದರೂ ಪಾತ್ರೆ ಹಾರಿ ಬಂದದ್ದುಂಟೇ? ಯಾರಿಗಾದರೂ ಜ್ವರ ಬಂದರೆ ಆ ಕಡೆಯವರು ಈ ಕಡೆಗೆ ಬರುತ್ತಾರೋ ಇಲ್ಲವೋ? ನೈಟ್ ಡ್ಯೂಟಿ ಮುಗಿಸಿ ಬಂದವಳು ಹಗಲು ಬಾಗಿಲು ಹಾಕಿಕೊಂಡು ಮಲಗಲು ಜಾಗವಿದೆಯೇ? ಬಚ್ಚಲು ಎಲ್ಲಿ?

ಇದ್ದದ್ದು ಇದ್ದ ಹಾಗೆ ಬರೆದೆ. ಮಾತು ಬಿಡುವುದು ಉಂಟು, ಈಗಲೂ ಬಿಟ್ಟಿದ್ದೇವೆ, ನಿನ್ನ ಸಲುವಾಗಿಯೇ. ಪಾತ್ರೆ ಹಾರಿದ್ದಿಲ್ಲ. ನನ್ನ ಎರಡನೆಯ ಬಾಣಂತನ ಮಾಡಿದ್ದು ಆ ಕಡೆಯವಳೇ, ಎರೆಯುವ ನೀರು ಕಾಯಿಸಿದ್ದು ಅವಳ ಕಟ್ಟಿಗೆ ಒಲೆಯಲ್ಲೇ. ಬಾಗಿಲು ಹಾಕಿಕೊಂಡು ಮಲಗುವ ಕೋಣೆ ಇಲ್ಲ. ಬಚ್ಚಲು ಹಿತ್ತಲಲ್ಲಿ, ತಗಡಿನ ಸೂರು, ಚಿಲಕ ಸಡಿಲ. ಅಷ್ಟು ಬರೆದು ಫೋನು ಬೋರಲು ಹಾಕಿ ಕೂತೆ. ಇದನ್ನು ಓದಿ ಯಾವ ಹುಡುಗಿಯೂ ಬರುವುದಿಲ್ಲ ಎನ್ನಿಸಿತ್ತು.

ಬಂದಳು. ರಜೆಯ ದಿನ, ಸೋದರತ್ತೆಯನ್ನು ಕರೆದುಕೊಂಡು, ಹೊಸಪೇಟೆಯಿಂದ ಬಸ್ಸಿನಲ್ಲಿ. ತಲೆಬಾಗಿಲಲ್ಲೇ ಹೋದಳು, ನನ್ನ ಕಡೆ ಬರಲಿಲ್ಲ. ನಾನು ಈಚೆ ಅಕ್ಕಿ ಆರಿಸುತ್ತ ಕೂತೆ. ಗೋಡೆ ಎದೆಮಟ್ಟ ಇದ್ದರೆ ಕಿವಿ ನಿಮಿರಿಸುವ ಅಗತ್ಯ ಇರುವುದಿಲ್ಲ. ಹುಡುಗನನ್ನು ದನಿ ತಗ್ಗಿಸಿ ಏನೋ ಕೇಳಿದಳು, ಅವನು ಏನೋ ಹೇಳಿದ. ಅವರಿಬ್ಬರೂ ನಕ್ಕದ್ದು ಕೇಳಿಸಿತು. ಅವನ ನಗು ಹೇಗಿರುತ್ತದೆ ಎಂದು ನನಗೇ ಮರೆತಿತ್ತು. ಆಮೇಲೆ ಬಚ್ಚಲು ನೋಡಿದಳು, ಹಿತ್ತಲು ನೋಡಿದಳು, ಮಾಳಿಗೆಗೆ ಏಣಿ ಹತ್ತಿ ಗವಾಕ್ಷಿಯಿಂದ ಕೆಳಗೆ ಇಣುಕಿದಳು. ಅಲ್ಲಿಂದ ಎರಡೂ ಅಡಿಗೆಮನೆ ಕಾಣುತ್ತವೆ. ನನ್ನನ್ನು ನೋಡಿ ಹುಬ್ಬು ಹಾರಿಸಿದಳು. ನಾನು ಅಕ್ಕಿಯ ಮೊರ ಎತ್ತಿ ತೋರಿಸಿದೆ.

ಇಳಿದು ಬಂದು ಅಕ್ಕನ ಎದುರು ಕೂತು ಹೇಳಿದ್ದು ಇಷ್ಟು. ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಸಿರಿ, ಒಳಗಿನಿಂದ ಚಿಲಕ ಬೀಳುವ ಬಾಗಿಲಿರಲಿ, ಅದಕ್ಕೆ ಅಂಟಿಕೊಂಡ ಬಚ್ಚಲಿರಲಿ. ಅದರ ಸೂರು ಸ್ಲ್ಯಾಬಾದರೂ ನಡೆಯುತ್ತದೆ, ಹೇಗೂ ಹಿಂದೆ ಬೇವಿನ ಮರದ ನೆರಳಿದೆ. ಮುಂದಿನ ಮನೆಯನ್ನು ಮುಟ್ಟಬೇಡಿ. ಅಕ್ಕ ಅನುಮಾನದಿಂದ, ನಿಮ್ಮಪ್ಪ ಏನೆನ್ನುತ್ತಾರೋ, ಮಣ್ಣಿನ ಮನೆ ಎಂದು ನಾಲ್ಕು ಜನ ಆಡಿಕೊಂಡರೆ ಎಂದು ರಾಗ ಎಳೆದಳು. ಅಪ್ಪನದು ನಾನು ನೋಡಿಕೊಳ್ಳುತ್ತೇನೆ ಎಂದಳು ಹುಡುಗಿ. ಜಗಳದ ಮನೆ ಎಂದು ಅಪ್ಪನ ಹಟವಂತೆ. ಅದಕ್ಕೆ ಅವಳ ಉತ್ತರವನ್ನು ಸೋದರತ್ತೆ ಬಾಯಿ ತುಂಬ ನಗುತ್ತ ಹೇಳಿದರು.

“ಜಗಳ ಇಲ್ಲದ ಮನಿ ತೋರಸಪ್ಪ, ಅಲ್ಲಿಗೇ ಹೋಗ್ತೀನಿ ಅಂದಾಳ. ನಮ್ಮಣ್ಣ ಒಂದು ಮನಿ ಹೆಸರೂ ಹೇಳಲಿಲ್ಲ ನೋಡ್ರಿ.”

ಅವರು ಬಸ್ಸಿಗೆ ಹೊರಟ ಮೇಲೆ ಅಕ್ಕ ಒಲೆಯ ಮುಂದೆ ಕೂತಳು. ನನ್ನ ಕಡೆ ನೋಡದೆ, ಒಲೆಗೆ ಹೇಳುವ ಹಾಗೆ ಹೇಳಿದಳು.

“ಬಿಚ್ಚಬ್ಯಾಡ ಅಂದ್ಲು ನಿನ್ನ ಸೊಸಿ.”

ನಿನ್ನ ಸೊಸೆ ಎಂದಳು. ನಮ್ಮಲ್ಲಿ ಕೋಪ ಬಂದಾಗ ಹೆಂಡತಿ ತನ್ನ ಮಗನನ್ನೇ ಗಂಡನಿಗೆ ‘ನಿನ್ನ ಮಗ’ ಎನ್ನುವುದುಂಟು. ಇದು ಆ ಥರದ್ದಲ್ಲ. ನಾನು ಎದ್ದು ಗೋಡೆಯ ಹತ್ತಿರ ಹೋದೆ. ತನಗೆ ಸೊಸೆ ಬಂದ ಸಂತೋಷವನ್ನು ನನ್ನ ಕೈಗೂ ಇಷ್ಟು ಇಡದೆ ಅವಳಿಗೆ ತಡೆಯಲಾಗಲಿಲ್ಲ ಎಂದು ಅರ್ಥವಾಯಿತು. ಎಂಜಿನಿಯರನಿಗೆ ಬಾವನೇ ಫೋನು ಮಾಡಿ, ಸದ್ಯಕ್ಕೆ ಬೇಡ ಎಂದರು. ಸದ್ಯಕ್ಕೆ ಎಂಬ ಮಾತನ್ನು ಅಕ್ಕ ಪಕ್ಕದಿಂದಲೇ ತಿದ್ದಿಸಿದಳು.

ಹಿತ್ತಲ ಕೋಣೆ ಎದ್ದಿತು. ಮದುವೆ ನದಿಯ ಆಚೆ ಗಂಗಾವತಿಯ ಕಲ್ಯಾಣಮಂಟಪದಲ್ಲಿ ಆಯಿತು, ಮನೆ ತುಂಬಿಸಿಕೊಂಡದ್ದು ನಮ್ಮ ತಲೆಬಾಗಿಲಿನಿಂದ. ಕಂಬಗಳಿಗೆಲ್ಲ ಎಣ್ಣೆ ಹಚ್ಚಿದ್ದೆವು, ಮರದ ಬಣ್ಣ ಹೊಮ್ಮಿ ಬಂದಿತ್ತು. ಸೊಸೆ ಈಗ ಇಲ್ಲಿಂದಲೇ ಡ್ಯೂಟಿಗೆ ಹೋಗಿ ಬರುತ್ತಾಳೆ. ನೈಟ್ ಮುಗಿಸಿ ಬಂದರೆ ಹೊಸ ಕೋಣೆಯಲ್ಲಿ ಚಿಲಕ ಹಾಕಿಕೊಳ್ಳುತ್ತಾಳೆ. ಬಿಸಿಲೇರಿದರೆ ದಿಂಬು ಎತ್ತಿಕೊಂಡು ಪಡಸಾಲೆಗೆ ಬಂದು ಕಂಬದ ಪಕ್ಕ ಮಲಗಿಬಿಡುತ್ತಾಳೆ. ಆಗ ಎರಡೂ ಕಡೆ ಪಾತ್ರೆ ಸದ್ದು ಮಾಡುವಂತಿಲ್ಲ. ಅಕ್ಕ ನನಗೆ ಕೈಸನ್ನೆಯಲ್ಲೇ ಬೈಯುತ್ತಾಳೆ.

ಮೊನ್ನೆ ಮರಿಯಮ್ಮನಹಳ್ಳಿಯ ಅದೇ ಜನ ಯಾವುದೋ ಲಗ್ನಪತ್ರಿಕೆ ಕೊಡಲು ಬಂದಿದ್ದರು. ಕೂತವರು ಅಭ್ಯಾಸದಂತೆ ಕತ್ತು ಮೇಲೆತ್ತಿ, ಇನ್ನೂ ಮಣ್ಣಿನ ಮನೆಯಲ್ಲೇ ಇದ್ದೀರಲ್ಲ ಎಂದರು. ನನ್ನ ನಾಲಿಗೆಯ ತುದಿಗೆ ಏನೇನೋ ಬಂದಿತ್ತು. ಅಕ್ಕ ನನಗೆ ಅವಕಾಶ ಕೊಡಲಿಲ್ಲ. ಚಹದ ಲೋಟವನ್ನು ಅವರ ಮುಂದೆ ನಿಧಾನಕ್ಕೆ ಇಟ್ಟು, ಸೆರಗು ಸರಿ ಮಾಡಿಕೊಂಡು, ನೆಟ್ಟಗೆ ನಿಂತು ಹೇಳಿದಳು.

“ಮಣ್ಣಿನ ಮನಿ ಅನಬ್ಯಾಡ್ರಿ. ನಮ್ಮ ಸೊಸಿ ಏಣಿ ಹತ್ತಿ, ಮ್ಯಾಲಿಂದ ನೋಡಿ, ಆರಿಸಿಕೊಂಡ ಮನಿ ಐತಿದು.”